ಬರಿ ನೀರಲ್ಲಿ ನೊರೆ: ಅಂಬೆಗಾಲಿಡುವ ಮಗುವಿದ್ದ ಮನೆಯ ನೆಲದ ಪ್ರಕರಣ ಅಧ್ಯಯನ

ಎಂಟು ತಿಂಗಳ ಮಗು, ಅಂಬೆಗಾಲಿಡಲು ಶುರುಮಾಡಿ ಐದು ವಾರವಾಗಿದೆ. ಎರಡೂ ಮಂಡಿ, ಅಂಗೈಯ ಬುಡ, ಕಾಲ್ಬೆರಳುಗಳ ಮೇಲ್ಭಾಗ ಕೆಂಪಾಗಿ ಒರಟಾಗಿವೆ. ಸಂಜೆಯಾದರೆ ಸಾಕು, ಮಂಡಿಯನ್ನು ಹಾಸಿಗೆಗೆ ಉಜ್ಜಿಕೊಂಡು ಕಿರಿಕಿರಿ ಮಾಡುತ್ತದೆ. ನೆಲದಲ್ಲಿ ಕ್ರಿಮಿಗಳಿರಬೇಕು ಅಂದುಕೊಂಡ ಮನೆಯವರು ದಿನಕ್ಕೊಮ್ಮೆ ಒರೆಸುತ್ತಿದ್ದುದನ್ನು ಎರಡು ಸಲ ಮಾಡಿದರು, ಸೋಂಕುನಿವಾರಕ ಲಿಕ್ವಿಡ್ಡನ್ನೂ ಜಾಸ್ತಿ ಸುರಿದರು. ವಾರ ಕಳೆಯುವಷ್ಟರಲ್ಲಿ ಕೆಂಪು ಇನ್ನೂ ಏರಿತು.

ಇದು ಯಾವುದೋ ಒಂದೇ ಮನೆಯ ಕಥೆಯಲ್ಲ. ಬೇರೆಬೇರೆ ಮನೆಗಳಲ್ಲಿ ಮತ್ತೆಮತ್ತೆ ಕಾಣುವ ತಪ್ಪುಗಳನ್ನು ಒಂದೇ ಸೂರಿನಡಿ ತಂದು ಇಲ್ಲಿ ಬಿಡಿಸಿ ನೋಡಿದ್ದೇವೆ. ಮನೆ ಹೀಗಿದೆ: ಒಂದು ಹಾಲ್, ಎರಡು ಕೋಣೆ, ಅಡುಗೆಮನೆ, ಬಚ್ಚಲು. ಹಾಲಿಗೂ ಅಡುಗೆಮನೆಗೂ ಹೊಳಪಿನ ಟೈಲ್ಸ್, ಒಂದು ಮಲಗುವ ಕೋಣೆಗೆ ಅಮೃತಶಿಲೆ. ಹಾಲಿನ ಮೂಲೆಯಲ್ಲಿ ತುಂಡುತುಂಡಾಗಿ ಜೋಡಿಸುವ ಫೋಮ್ ಚಾಪೆ. ಬಾಗಿಲ ಚೌಕಟ್ಟಿನ ಹಳೆಯ ಬಣ್ಣ ಅಲ್ಲಲ್ಲಿ ಚಕ್ಕೆ ಏಳುತ್ತಿದೆ.

ಚರ್ಮ ಹೇಳಿದ್ದು

ಮೊದಲ ಸುಳಿವು ಕೊಟ್ಟಿದ್ದು ಕೆಂಪು ಎಲ್ಲಿತ್ತು, ಎಲ್ಲಿರಲಿಲ್ಲ ಎಂಬುದು. ಡೈಪರ್ ಒಳಗಿನ ಚರ್ಮ, ಕತ್ತಿನ ಮಡಿಕೆ, ತೊಡೆಯ ಸಂದು ನುಣುಪಾಗಿಯೇ ಇದ್ದವು. ಶಿಲೀಂಧ್ರದ ಸೋಂಕು ಸಾಮಾನ್ಯವಾಗಿ ಇಂಥ ಬೆವರುವ ಮಡಿಕೆಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಇಲ್ಲಿ ಕೆಂಪಾಗಿದ್ದು ನೆಲಕ್ಕೆ ಒತ್ತಿಕೊಳ್ಳುವ ಜಾಗಗಳು ಮಾತ್ರ. ಹಾಗಂತ ಮನೆಯಲ್ಲೇ ತೀರ್ಮಾನಕ್ಕೆ ಬರುವಂತಿಲ್ಲ. ಈ ವಯಸ್ಸಿನ ಎಸ್ಜಿಮಾ ಕೂಡ ಕೆನ್ನೆ, ಮಂಡಿ, ಮೊಣಕೈಯ ಹೊರಬದಿಯಲ್ಲೇ ಕಾಣಿಸಿಕೊಳ್ಳುವುದುಂಟು. ಮಕ್ಕಳ ವೈದ್ಯರಿಗೆ ತೋರಿಸಿದಾಗ ಸೋಂಕಿಲ್ಲ, ಯಾವುದೋ ವಸ್ತು ತಾಗಿ ಚರ್ಮ ಉರಿದಿದೆ ಅಂದರು. ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಲು ಹೇಳಿ, ನೆಲ ಒರೆಸಲು ಏನು ಬಳಸುತ್ತೀರಿ ಎಂದು ಕೇಳಿದರು. ನೀರು ಒಸರುವುದು, ಹಳದಿ ಹಕ್ಕಳೆ ಕಟ್ಟುವುದು, ಜ್ವರ, ಕೆಂಪು ಬೇಗಬೇಗ ಹರಡುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ನೆಲದ ಪರೀಕ್ಷೆ ಪಕ್ಕಕ್ಕಿಟ್ಟು ಅದೇ ದಿನ ಮತ್ತೆ ವೈದ್ಯರ ಬಳಿ ಹೋಗಬೇಕು.

ನೆಲವನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಕಾಗಲಿಲ್ಲ. ಹಾಲಿನ ಮಧ್ಯೆ ಒಂದು ಚಮಚ ಬೆಚ್ಚಗಿನ ನೀರು ಸುರಿದು ಬೆರಳಿನಲ್ಲಿ ಅರ್ಧ ನಿಮಿಷ ತಿಕ್ಕಿದಾಗ ಬೆರಳು ಸೋಪು ಹಿಡಿದಂತೆ ಜಾರಿತು, ನೀರಿನ ಅಂಚಿಗೆ ಸಣ್ಣಗೆ ಬಿಳಿ ನೊರೆ ಕಟ್ಟಿತು. ಬೆಳಗ್ಗೆ ಒರೆಸಿ ಒಣಗಿದ್ದ ನೆಲ ಅದು. ಟಾರ್ಚನ್ನು ನೆಲಕ್ಕೆ ತಾಗುವ ಹಾಗೆ ಅಡ್ಡ ಹಿಡಿದು ನೋಡಿದರೆ ಮಾಪ್ ಹೋದ ದಾರಿಯೆಲ್ಲ ಕಮಾನು ಕಮಾನಾಗಿ ಮಂಕು ಗೆರೆ. ಸೋಫಾದ ಮುಂದೆ, ಅಂದರೆ ಮಗು ಅತಿ ಹೆಚ್ಚು ಹೊತ್ತು ಆಡುವ ಕಡೆ, ಒದ್ದೆ ಬಿಳಿ ಬಟ್ಟೆಯಲ್ಲಿ ಒಂದು ಅಡಿ ಜಾಗ ಒರೆಸಿದಾಗ ಬಟ್ಟೆ ಬೂದುಬಣ್ಣಕ್ಕೆ ತಿರುಗಿತು. ನೆಲದ ಮೇಲೆ ಒಂದು ಪದರ ಕೂತಿತ್ತು, ಆ ಪದರಕ್ಕೆ ಧೂಳು ಅಂಟಿತ್ತು. ಮಗುವಿನ ಮಂಡಿ ಬೆವರಿದಾಗಲೆಲ್ಲ, ಜೊಲ್ಲು ಬಿದ್ದಾಗಲೆಲ್ಲ ಅದು ಕರಗಿ ಚರ್ಮಕ್ಕೆ ಹತ್ತುತ್ತಿತ್ತು. ಅದೇ ಕೈ ದಿನಕ್ಕೆ ಅದೆಷ್ಟು ಸಲ ಬಾಯಿಗೆ ಹೋಗುತ್ತಿತ್ತೋ ಲೆಕ್ಕವಿಲ್ಲ.

ಬಕೆಟ್ಟಿನೊಳಗೆ ಏನಿತ್ತು

ಹತ್ತು ಲೀಟರಿನ ಬಕೆಟ್ಟಿಗೆ ಅರ್ಧ ನೀರು, ಅಂದರೆ 5 ಲೀಟರ್. ಲಿಕ್ವಿಡ್ ಸುರಿಯುತ್ತಿದ್ದುದು ಕಣ್ಣಂದಾಜಿನಲ್ಲಿ. ಎಂದಿನಷ್ಟೇ ಸುರಿಯುವಂತೆ ಹೇಳಿ, ಅದನ್ನು ಅಳತೆಯ ಲೋಟದಲ್ಲಿ ಹಿಡಿದಾಗ 90 ಮಿಲಿ ಬಂತು. ಬಾಟಲಿಯ ಲೇಬಲ್ ಹೇಳುವುದು 4 ಲೀಟರ್ ನೀರಿಗೆ ಒಂದು ಮುಚ್ಚಳ, ಅಂದರೆ 20 ಮಿಲಿ. ಆ ಲೆಕ್ಕದಲ್ಲಿ 5 ಲೀಟರಿಗೆ 25 ಮಿಲಿ ಸಾಕು. ಬೇಕಾದ್ದಕ್ಕಿಂತ ಮೂರೂವರೆ ಪಟ್ಟು ಹೆಚ್ಚು ಬೀಳುತ್ತಿತ್ತು, ಅದೂ ದಿನಕ್ಕೆ ಎರಡು ಸಲ. ಒರೆಸಿದ ಮೇಲೆ ಆರಿ ಹೋಗುವುದು ನೀರು ಮಾತ್ರ. ಅದರಲ್ಲಿದ್ದ ಸೋಪು, ಸುಗಂಧದ ಎಣ್ಣೆ, ಸೋಂಕುನಿವಾರಕ ಮೂರೂ ನೆಲದಲ್ಲೇ ಉಳಿಯುತ್ತವೆ. ಈ ಮನೆಯಲ್ಲಿ ಒರೆಸಿದ ಮೇಲೆ ಬರಿ ನೀರಲ್ಲಿ ಮತ್ತೊಮ್ಮೆ ಒರೆಸುವ ರೂಢಿಯೇ ಇರಲಿಲ್ಲ. ಹಾಗೆ ಮಾಡಿದರೆ ಔಷಧಿಯ ಶಕ್ತಿ ತೊಳೆದುಹೋಗುತ್ತದೆ ಎಂಬ ನಂಬಿಕೆ. ಲೇಬಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಮಕ್ಕಳು ತೆವಳುವ ಜಾಗವನ್ನು ನೀರಿನಿಂದ ತೊಳೆಯಿರಿ ಎಂದೇ ಬರೆದಿತ್ತು.

ಇದರ ಜೊತೆಗೆ ಕೊಳೆ ಬಿಡಲಿ ಅಂತ ಒಂದು ಹಿಡಿ ಬಟ್ಟೆ ಒಗೆಯುವ ಪುಡಿ. ಅತಿ ಹೆಚ್ಚು ಹಾನಿ ಮಾಡಿದ್ದು ಇದೇ ಎಂದು ನಮ್ಮ ಅಭಿಪ್ರಾಯ. ಆ ಲಿಕ್ವಿಡ್ಡಿನ ಸೋಂಕುನಿವಾರಕ ಬೆಂಜಾಲ್ಕೋನಿಯಂ ಕ್ಲೋರೈಡ್, ಅದರ ಕಣ ಧನಾವೇಶದ್ದು. ಬಟ್ಟೆಪುಡಿಯ ಮುಖ್ಯ ಸೋಪಿನ ಕಣ ಋಣಾವೇಶದ್ದು. ಎರಡೂ ಬಕೆಟ್ಟಿನಲ್ಲಿ ಸೇರಿದ ಕೂಡಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸೋಂಕುನಿವಾರಕ ಕ್ರಿಮಿಯ ಮೇಲೆ ಕೆಲಸ ಮಾಡುವುದಿಲ್ಲ, ಸೋಪು ಕೊಳೆಯ ಮೇಲೆ ಕೆಲಸ ಮಾಡುವುದಿಲ್ಲ, ಎರಡೂ ಸೇರಿ ನೆಲಕ್ಕೆ ಜಿಗುಟು ಪದರವಾಗಿ ಕೂರುತ್ತವೆ. ಮಾಪ್ ಹತ್ತಿಯ ದಾರದ್ದು. ಹತ್ತಿಯೂ ಬೆಂಜಾಲ್ಕೋನಿಯಂ ಅನ್ನು ಹೀರಿ ಹಿಡಿದಿಟ್ಟುಕೊಳ್ಳುವ ವಸ್ತು. ಇನ್ನೊಂದು ಕಡೆ, ಇಂಥ ಲಿಕ್ವಿಡ್ ಕೆಲಸ ಮಾಡಬೇಕಾದರೆ ನೆಲ ಸಾಮಾನ್ಯವಾಗಿ ಹತ್ತು ನಿಮಿಷ ಒದ್ದೆಯಾಗಿರಬೇಕು. ಫ್ಯಾನ್ ಹಾಕಿದ ಹಾಲಿನಲ್ಲಿ ಅದು ನಾಲ್ಕೇ ನಿಮಿಷಕ್ಕೆ ಆರುತ್ತಿತ್ತು. ಹೀಗೆ ಸುರಿದ ಔಷಧಿಯಿಂದ ಕ್ರಿಮಿಗೆ ಏನೂ ಆಗದೆ, ಮಗುವಿನ ಮಂಡಿಗೆ ಮಾತ್ರ ಆಗುತ್ತಿತ್ತು.

ಒರೆಸುವ ದಾರಿಯೂ ತಲೆಕೆಳಗಾಗಿತ್ತು. ಅಡುಗೆಮನೆಯಿಂದ ಶುರು, ಬಚ್ಚಲ ಮುಂಭಾಗ, ಆಮೇಲೆ ಕೋಣೆಗಳು, ಕೊನೆಗೆ ಹಾಲ್. ಐದು ಲೀಟರ್ ನೀರು ಅಷ್ಟಕ್ಕೂ ಒಂದೇ. ಹಾಲಿಗೆ ಬರುವ ಹೊತ್ತಿಗೆ ಬಕೆಟ್ಟಿನ ತಳ ಕಾಣುತ್ತಿರಲಿಲ್ಲ. ಮಗು ಆಡುವ ಜಾಗಕ್ಕೆ ಸಿಗುತ್ತಿದ್ದುದು ಮನೆಯ ಅತಿ ಕೊಳಕು ನೀರು. ಕೆಲಸ ಮುಗಿದ ಮೇಲೆ ಮಾಪನ್ನು ಹಿಂಡಿ ಬಚ್ಚಲ ಮೂಲೆಗೆ ತಲೆ ಕೆಳಗಾಗಿ ನಿಲ್ಲಿಸಿದರೆ ಮಾರನೇ ದಿನವೂ ದಾರಗಳ ಒಳಗೆ ಪಸೆ, ಮೂಗಿಗೆ ಹತ್ತಿರ ಹಿಡಿದರೆ ಮುಗ್ಗಲು ವಾಸನೆ. ರಾತ್ರಿಯಿಡೀ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ತೇವ ಧಾರಾಳವಾಗಿ ಸಾಕು.

ಪದರ ತೆಗೆದ ಬಗೆ

ಹೊಸ ಲಿಕ್ವಿಡ್ ತರುವುದು ಬೇಡ ಎಂದು ಮೊದಲೇ ತೀರ್ಮಾನವಾಯಿತು. ಬೇಕಾಗಿದ್ದು ಬರಿ ಬೆಚ್ಚಗಿನ ನೀರು, ಕೈಯಿಟ್ಟರೆ ಹಿತವಾಗಿರುವಷ್ಟು. ಮಗುವನ್ನು ಇನ್ನೊಂದು ಕೋಣೆಯಲ್ಲಿ ಬಿಟ್ಟು ಮೊದಲ ದಿನ ಹಾಲ್ ಮಾತ್ರ ತೆಗೆದುಕೊಂಡರು. ಒಗೆದು ಒಣಗಿಸಿದ ಹೊಸ ಬಟ್ಟೆ, 5 ಲೀಟರ್ ನೀರು, ಅದಕ್ಕೆ ಏನೂ ಹಾಕಿಲ್ಲ. ನಾಲ್ಕನೇ ಸಲ ಬಟ್ಟೆ ಅದ್ದಿ ಹಿಂಡುವಾಗ ಬಕೆಟ್ಟಿನ ಮೇಲೆ ನೊರೆ ಎದ್ದಿತು. ಆ ನೊರೆಯಷ್ಟೂ ನೆಲದಿಂದ ಬಂದದ್ದು. ನೀರು ಮೂರು ಸಲ ಬದಲಾಯಿಸಿದ ಮೇಲೆ ನೊರೆ ನಿಂತಿತು. ಎರಡನೇ ದಿನ ಮತ್ತೊಂದು ಸುತ್ತು ಒರೆಸಿ ಬೆರಳಿನ ಪರೀಕ್ಷೆ ಮಾಡಿದಾಗ ಟೈಲ್ಸ್ ಮೇಲೆ ಬೆರಳು ಕಿರ್ ಎಂದಿತು. ತೊಳೆದ ತಟ್ಟೆಯ ಮೇಲೆ ಬರುವ ಶಬ್ದವೇ ಅದು. ಅಲ್ಲಿಗೆ ಪದರ ಹೋಗಿದೆ ಎಂದರ್ಥ.

ಸೋಫಾದ ಮುಂದೆ ಒಂದು ಚದರ ಮೀಟರಿನಷ್ಟು ಜಾಗ ಮಾತ್ರ ಜಗ್ಗಲಿಲ್ಲ. ಅಲ್ಲಿ ಒಂದು ಲೀಟರ್ ನೀರಿಗೆ 50 ಮಿಲಿ ಬಿಳಿ ವಿನೆಗರ್ ಬೆರೆಸಿ ಒರೆಸಿ, ಐದು ನಿಮಿಷ ಬಿಟ್ಟು, ಬರಿ ನೀರಲ್ಲಿ ಎರಡು ಸಲ ತೆಗೆದರು. ಇದು ಹೊಳಪಿನ ಟೈಲ್ಸಿಗೆ ಮಾತ್ರ ನಡೆಯುವ ಉಪಾಯ. ಅಮೃತಶಿಲೆಯ ಕೋಣೆಗೆ ವಿನೆಗರ್ ಹೋಗಲೇ ಕೂಡದು. ಅಮೃತಶಿಲೆ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲ ತಾಗಿದ ಕಡೆ ಕಲ್ಲೇ ಕರಗಿ ಮಂಕು ಮಚ್ಚೆ ಉಳಿಯುತ್ತದೆ. ಆ ಮಚ್ಚೆ ಒರೆಸಿದರೆ ಹೋಗುವುದಿಲ್ಲ, ಮತ್ತೆ ಪಾಲಿಶ್ ಮಾಡಿಸಬೇಕಾಗುತ್ತದೆ. ನಿಂಬೆರಸಕ್ಕೂ, ಸಿಮೆಂಟ್ ನೆಲಕ್ಕೂ ಇದೇ ಮಾತು. ವಿನೆಗರ್ ಪದರ ಬಿಡಿಸುತ್ತದೆ ಅಷ್ಟೆ, ಅದನ್ನು ಸೋಂಕುನಿವಾರಕ ಎಂದು ನೆಚ್ಚಿಕೊಳ್ಳಬಾರದು.

ಇಲ್ಲಿ ಒಂದು ಎಡವಟ್ಟೂ ಆಯಿತು. ಪದರ ಹೋದ ಖುಷಿಗೆ ಎರಡನೇ ವಾರ ಪೂರ್ತಿ ಎಲ್ಲ ಕಡೆ ಬರಿ ನೀರೇ ಸಾಕು ಎಂದು ಬಿಟ್ಟರು. ಕೋಣೆಗಳಿಗೆ ಅದು ಸಾಕಾಗುತ್ತಿತ್ತು, ಅಡುಗೆಮನೆಗೆ ಸಾಲಲಿಲ್ಲ. ಎಣ್ಣೆಯ ಜಿಡ್ಡು ನೀರಿಗೆ ಬಿಡುವುದಿಲ್ಲ, ಸುಮ್ಮನೆ ಹರಡುತ್ತದೆ. ನಾಲ್ಕೇ ದಿನಕ್ಕೆ ಅಡುಗೆಮನೆಯ ಬಾಗಿಲಿಂದ ಹಾಲಿನ ತನಕ ಹೆಜ್ಜೆ ಗುರುತು ಮೂಡತೊಡಗಿತು. ಜಿಡ್ಡಿಗೆ ಸೋಪು ಬೇಕೇ ಬೇಕು, ಆದರೆ ಅಳತೆಯಲ್ಲಿ.

ಕೊನೆಗೆ ನಿಂತ ಕ್ರಮ

ಮೊದಲು ನೆಲದ ಮೇಲೆ ಬಿದ್ದದ್ದನ್ನು ಕೈಯಲ್ಲಿ ಎತ್ತುವುದು. ಆಮೇಲೆ ಧೂಳು. ಒಣ ಪೊರಕೆಯಲ್ಲಿ ಗುಡಿಸಿದರೆ ದೊಡ್ಡ ಕಸ ಮೊರಕ್ಕೆ ಬರುತ್ತದೆ, ಸಣ್ಣ ಧೂಳು ಗಾಳಿಗೆದ್ದು ಮಗು ನೆಲಕ್ಕಿಳಿಯುವ ಹೊತ್ತಿಗೆ ಮತ್ತೆ ಬಂದು ಕೂರುತ್ತದೆ. ಹಾಗಾಗಿ ಚಪ್ಪಟೆ ಮೈಕ್ರೋಫೈಬರ್ ಬಟ್ಟೆ ಅಥವಾ ವ್ಯಾಕ್ಯೂಮ್. ಸೋಫಾದ ಅಡಿ, ಬಾಗಿಲ ಹಿಂಭಾಗ ಬಿಟ್ಟರೆ ಉಪಯೋಗವಿಲ್ಲ, ಮಗುವಿನ ಕೈ ಮೊದಲು ಹೋಗುವುದೇ ಅಲ್ಲಿಗೆ.

ಒರೆಸಲು ಈಗ ಬಕೆಟ್ಟಿಗೆ ಮತ್ತೆಮತ್ತೆ ಅದ್ದುವುದಿಲ್ಲ. 5 ಲೀಟರ್ ನೀರಿಗೆ ಒಂದು ಟೀ ಚಮಚ, ಅಂದರೆ 5 ಮಿಲಿ, ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಅದರಲ್ಲಿ ಆರು ಬಟ್ಟೆ ಒಟ್ಟಿಗೆ ನೆನೆಸಿ ಹಿಂಡಿಟ್ಟುಕೊಳ್ಳುತ್ತಾರೆ. ಒಂದೊಂದು ಬಟ್ಟೆಯನ್ನು ಎರಡು ಸಲ ಮಡಿಚಿದರೆ ನಾಲ್ಕು ಪದರವಾಗುತ್ತದೆ, ಮಡಿಕೆ ತಿರುಗಿಸುತ್ತ ಹೋದರೆ ಎಂಟು ಚೊಕ್ಕ ಮುಖ ಸಿಗುತ್ತವೆ. ಒಂದು ಮುಖ ಬೂದಾದರೆ ಮುಂದಿನದು, ಎಂಟೂ ಮುಗಿದರೆ ಆ ಬಟ್ಟೆ ಒಗೆಯುವ ಬುಟ್ಟಿಗೆ. ಕೊಳೆಯಾದ ಬಟ್ಟೆ ಮತ್ತೆ ಬಕೆಟ್ಟಿನ ನೀರಿಗೆ ಬರುವುದಿಲ್ಲ, ಹಾಗಾಗಿ ನೀರು ಕೊನೆಯವರೆಗೂ ತಿಳಿಯಾಗಿರುತ್ತದೆ. ಮಗು ಆಡುವ ಹಾಲ್ ಮೊದಲು, ಆಮೇಲೆ ಕೋಣೆಗಳು, ಅಡುಗೆಮನೆ, ಕಟ್ಟಕಡೆಗೆ ಬಚ್ಚಲ ಮುಂಭಾಗ. ಬಚ್ಚಲ ಕಡೆಗೆ ಬೇರೆ ಬಣ್ಣದ ಬಟ್ಟೆ, ಅದು ಹಾಲಿಗೆ ಬರುವ ಹಾಗಿಲ್ಲ. ಮಗು ಆಡುವ ಜಾಗಕ್ಕೆ ಇನ್ನೊಂದು ಬಟ್ಟೆಯಲ್ಲಿ ಬರಿ ನೀರಿನ ಸುತ್ತು. ಪೂರ್ತಿ ಆರುವವರೆಗೆ, ಹತ್ತು ಹದಿನೈದು ನಿಮಿಷ, ಮಗು ಕೆಳಗಿಳಿಯುವುದಿಲ್ಲ.

ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆದು ಪೂರ್ತಿ ಒಣಗಿಸಬೇಕು. ಮೈಕ್ರೋಫೈಬರಿಗೆ ಬಟ್ಟೆ ಮೆದುಗೊಳಿಸುವ ಸಾಫ್ಟ್‌ನರ್ ಹಾಕಬಾರದು. ಎಳೆಗಳ ಮೇಲೆ ಅದು ಪದರ ಕಟ್ಟಿ, ಬಟ್ಟೆ ಧೂಳು ಹಿಡಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಹೊರಗೆ ಹಾಕಿದ ಚಪ್ಪಲಿ, ಬೂಟು ಬಾಗಿಲ ಹೊರಗೇ ಉಳಿದರೆ ಒಳಗೆ ಬರುವ ಮಣ್ಣು, ಪ್ರಾಣಿಗಳ ಹೊಲಸು, ಕೀಟನಾಶಕದ ಅಂಶ ಬಹುಪಾಲು ಅಲ್ಲೇ ನಿಲ್ಲುತ್ತವೆ. ಸುಲಭದ ಕೆಲಸ, ಫಲ ದೊಡ್ಡದು.

ಸೋಂಕುನಿವಾರಕ ಯಾವಾಗ

ಆರೋಗ್ಯವಂತ ಮಗುವಿರುವ ಮನೆಯ ನೆಲಕ್ಕೆ ದಿನವೂ ಸೋಂಕುನಿವಾರಕ ಬೇಕಿಲ್ಲ. ಆಸ್ಪತ್ರೆಯ ನೆಲದಲ್ಲೂ ಸೋಂಕುನಿವಾರಕ ಹಾಕಿ ಒರೆಸಿದ ಮೇಲೆ ಓಡಾಟ ಶುರುವಾದರೆ ಒಂದೆರಡು ಗಂಟೆಯಲ್ಲಿ ಬ್ಯಾಕ್ಟೀರಿಯಾ ಮೊದಲಿನ ಮಟ್ಟಕ್ಕೇ ಬರುತ್ತದೆ. ಮಗುವಿನ ಕೈಯನ್ನು ಊಟಕ್ಕೆ ಮೊದಲು, ನಿದ್ದೆಗೆ ಮೊದಲು ಸೋಪಲ್ಲಿ ತೊಳೆದರೆ ಅದಕ್ಕಿಂತ ಹೆಚ್ಚು ಲಾಭ. ಆದರೆ ವಾಂತಿ, ಭೇದಿ, ಸೋರಿದ ಡೈಪರ್, ಹಸಿ ಮಾಂಸದ ನೀರು, ಸಾಕುಪ್ರಾಣಿಯ ಹೊಲಸು ಬಿದ್ದ ಕಡೆ ಬೇಕೇ ಬೇಕು, ಅಷ್ಟೇ ಜಾಗಕ್ಕೆ.

ಮೂರನೇ ವಾರ ಮಗುವಿಗೆ ಭೇದಿಯಾಗಿ ಡೈಪರ್ ಹಾಲಿನಲ್ಲೇ ಸೋರಿತು. ಕೈಗವಸು ಹಾಕಿ, ಕಿಟಕಿ ತೆರೆದು, ಕಾಗದದಲ್ಲಿ ಎತ್ತಿ ಬಿಗಿಯಾಗಿ ಕಟ್ಟಿ ಎಸೆದರು. ಆಮೇಲೆ ಸೋಪುನೀರಲ್ಲಿ ಒರೆಸಿ, ಬರಿ ನೀರಲ್ಲಿ ತೆಗೆದರು. ಈ ಹಂತ ಬಿಟ್ಟು ನೇರ ಬ್ಲೀಚ್ ಸುರಿಯಬಾರದು. ಕೊಳೆಯಿದ್ದರೆ ಬ್ಲೀಚಿನ ಶಕ್ತಿ ಕೊಳೆಯ ಮೇಲೇ ಖರ್ಚಾಗುತ್ತದೆ, ಮೂತ್ರದ ಅಂಶವಿದ್ದರೆ ಕಣ್ಣು ಗಂಟಲು ಉರಿಸುವ ಕ್ಲೋರಮಿನ್ ಅನಿಲವೂ ಏಳಬಹುದು. ಆಮೇಲೆ 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ 20 ಮಿಲಿ, ತಣ್ಣೀರು 1 ಲೀಟರ್. ಇದರಿಂದ ಹೆಚ್ಚುಕಡಿಮೆ 0.1 ಶೇಕಡಾ ದ್ರಾವಣ ಸಿಗುತ್ತದೆ. ಜಾಗ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು, ಆರುವಂತೆ ಕಂಡರೆ ಮತ್ತೆ ಸವರಬೇಕು. ಕೊನೆಗೆ ಬರಿ ನೀರಲ್ಲಿ ಎರಡು ಸಲ ಒರೆಸಿ ಒಣಗಿಸುವುದು. ಉಳಿದ ದ್ರಾವಣ ನಾಳೆಗೆ ಇಡುವ ಹಾಗಿಲ್ಲ, ಅದರ ಶಕ್ತಿ ಇಳಿದಿರುತ್ತದೆ.

ಬ್ಲೀಚಿಗೆ ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಯಾವ ಕ್ಲೀನರನ್ನೂ ಕುಡಿಯುವ ನೀರಿನ ಅಥವಾ ಜ್ಯೂಸಿನ ಬಾಟಲಿಗೆ ಸುರಿದಿಡಬಾರದು.

ಮಗುವಿನ ಎತ್ತರದಿಂದ

ಚರ್ಮದ ಚಿಂತೆಯಲ್ಲಿ ಯಾರ ಗಮನಕ್ಕೂ ಬಾರದೆ ಉಳಿದ ದೊಡ್ಡ ಅಪಾಯ ಆ ಬಕೆಟ್ಟೇ. ಒರೆಸಿದ ಮೇಲೆ ನೀರು ತುಂಬಿದ ಹಾಗೇ ಬಚ್ಚಲ ಬಾಗಿಲಲ್ಲಿ ಅರ್ಧ ಗಂಟೆ ಇರುತ್ತಿತ್ತು. ಮೈಯ ಅಳತೆಗೆ ಹೋಲಿಸಿದರೆ ಮಗುವಿನ ತಲೆ ಭಾರ. ಅಂಚು ಹಿಡಿದು ಬಗ್ಗಿದರೆ ತಲೆ ಮೊದಲು ಒಳಗೆ ಹೋಗುತ್ತದೆ, ಮತ್ತೆ ಎದ್ದು ಬರಲು ಅದಕ್ಕೆ ಬಲವಿಲ್ಲ. ಮುಳುಗಲು ಐದು ಸೆಂಟಿಮೀಟರ್ ನೀರು ಸಾಕು, ಶಬ್ದವೂ ಆಗುವುದಿಲ್ಲ. ಈಗ ಒರೆಸಿದ ಕೈಯಲ್ಲೇ ಬಕೆಟ್ ಖಾಲಿ ಮಾಡಿ ಬೋರಲು ಹಾಕುತ್ತಾರೆ. ನಡುವೆ ಫೋನ್ ಬಂದರೂ ಮೊದಲು ಬಕೆಟ್, ಆಮೇಲೆ ಫೋನ್.

ನಂತರ ಒಬ್ಬರು ಮಂಡಿಯೂರಿ, ಟಾರ್ಚ್ ಹಿಡಿದು ಮನೆಯಿಡೀ ಮಗುವಿನ ಹಾಗೆ ತೆವಳಿದರು. ಸೋಫಾದ ಅಡಿ ಸಿಕ್ಕಿದ್ದು: ಒಂದು ಅಂಗಿಯ ಗುಂಡಿ, ಪೆನ್ನಿನ ಮುಚ್ಚಳ, ನಾಣ್ಯ, ಕೂದಲಿನ ಕ್ಲಿಪ್ಪು, ಮಾತ್ರೆಯ ಖಾಲಿ ಹಾಳೆಯಲ್ಲಿ ಉಳಿದಿದ್ದ ಒಂದು ಮಾತ್ರೆ, ಮತ್ತು ತೂಕದ ಯಂತ್ರದಿಂದ ಬಿದ್ದ ನಾಣ್ಯದಾಕಾರದ ಬ್ಯಾಟರಿ. ಎಲ್ಲಕ್ಕಿಂತ ಕೆಟ್ಟದ್ದು ಈ ಬ್ಯಾಟರಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅಲ್ಲಿನ ಮಾಂಸವನ್ನು ಆಳವಾಗಿ ಸುಡಬಲ್ಲದು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಸಾಮಾನುಗಳೆಲ್ಲ ಮೇಲಿನ ಕಪಾಟಿಗೆ ಹೋದವು. ಉಳಿದ ವಸ್ತುಗಳಿಗೆ ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆಯೇ ಅಳತೆ: ಅದರೊಳಗೆ ತೂರುವ ಯಾವುದೂ ನೆಲದಲ್ಲಿರಬಾರದು.

ಫೋಮ್ ಚಾಪೆ ಎತ್ತಿದಾಗ ಅಡಿಯ ಟೈಲ್ಸ್ ಒದ್ದೆ, ಜೋಡಣೆಯ ಅಂಚಿನುದ್ದಕ್ಕೂ ಕಪ್ಪು ಚುಕ್ಕೆಯ ಬೂಷ್ಟು. ನೆಲ ಆರುವ ಮೊದಲೇ ಚಾಪೆ ಹಾಸುತ್ತಿದ್ದುದೇ ಕಾರಣ. ಎರಡು ತುಂಡಿನ ಮೂಲೆಯನ್ನು ಮಗು ಕಚ್ಚಿ ಕಿತ್ತಿತ್ತು, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರದಲ್ಲಿ. ಅವನ್ನೂ ಬೂಷ್ಟು ಹಿಡಿದವನ್ನೂ ಎಸೆದು, ಉಳಿದವನ್ನು ವಾರಕ್ಕೊಮ್ಮೆ ಎತ್ತಿ ಎರಡೂ ಬದಿ ಒರೆಸಿ ಒಣಗಿಸುವುದು ರೂಢಿಯಾಯಿತು.

ಬಾಗಿಲ ಚೌಕಟ್ಟಿನ ಚಕ್ಕೆಗಳ ವಿಷಯದಲ್ಲಿ ಅವಸರ ಮಾಡಬಾರದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಮಗುವಿನ ಮಿದುಳಿಗೆ ಇಷ್ಟು ಸೀಸದಿಂದ ತೊಂದರೆಯಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿದರೆ ವಿಷದ ಧೂಳು ಮನೆಯಿಡೀ ಹರಡುತ್ತದೆ. ಬಿದ್ದ ಚಕ್ಕೆಗಳನ್ನು ಒದ್ದೆ ಕಾಗದದಲ್ಲಿ ಎತ್ತಿ, ಆ ಜಾಗವನ್ನು ಸೋಪುನೀರಲ್ಲಿ ಒರೆಸಿ ಬಟ್ಟೆಯನ್ನು ಎಸೆದು, ಚೌಕಟ್ಟಿನ ಕೆಳಭಾಗಕ್ಕೆ ಸದ್ಯಕ್ಕೆ ಅಗಲದ ಟೇಪ್ ಅಂಟಿಸಿದರು. ಬಣ್ಣದ ಚೂರನ್ನು ಪರೀಕ್ಷೆಗೆ ಕೊಟ್ಟರು. ಮಗುವಿನ ರಕ್ತದಲ್ಲಿ ಸೀಸ ನೋಡಿಸಬೇಕೇ ಎಂದು ವೈದ್ಯರನ್ನು ಕೇಳುವುದೂ ಪಟ್ಟಿಗೆ ಸೇರಿತು.

ಆರನೇ ವಾರ

ಪದರ ತೆಗೆದ ಹನ್ನೆರಡನೇ ದಿನದ ಹೊತ್ತಿಗೆ ಮಂಡಿಯ ಕೆಂಪು ಇಳಿದಿತ್ತು, ಮೂರನೇ ವಾರಕ್ಕೆ ಒರಟೂ ಹೋಯಿತು. ಮಾಯಿಶ್ಚರೈಸರ್ ಕೂಡ ನೆರವಾಗಿದೆ, ಅದನ್ನು ಲೆಕ್ಕದಿಂದ ಬಿಡುವಂತಿಲ್ಲ. ಆದರೆ ನಡುವೆ ಒಂದು ದಿನ ಮರೆತು ಹಳೆಯ ಲಿಕ್ವಿಡ್ಡಿನಲ್ಲಿ ಒರೆಸಿ ತೊಳೆಯದೆ ಬಿಟ್ಟಾಗ ಮಾರನೇ ದಿನವೇ ಅಂಗೈಯ ಬುಡ ಮತ್ತೆ ಕೆಂಪಾಗಿದ್ದು ಕಾರಣವನ್ನು ಗಟ್ಟಿಮಾಡಿತು.

ಈಗ ಮಗು ಸೋಫಾ ಹಿಡಿದು ನಿಲ್ಲುತ್ತಿದೆ. ಕಾಲುಚೀಲ ಹಾಕಿದರೆ ಟೈಲ್ಸ್ ಮೇಲೆ ಪಾದ ಜಾರುತ್ತದೆ, ಹಾಗಾಗಿ ಮನೆಯೊಳಗೆ ಬರಿಗಾಲು. ಆಟದ ಜಾಗದಲ್ಲಿ ಬಿದ್ದ ಜೊಲ್ಲು, ಚೆಲ್ಲಿದ ನೀರು ಒರೆಸಲು ಸೋಫಾದ ಕೈಯ ಮೇಲೆ ಒಂದು ಒಣ ಬಟ್ಟೆ ಸದಾ ಇರುತ್ತದೆ. ಟಾರ್ಚ್ ಹಿಡಿದು ತೆವಳುವ ಕೆಲಸವನ್ನು ಈ ವಾರ ಮತ್ತೆ ಮಾಡಬೇಕು, ಈ ಸಲ ಮಂಡಿಯೂರಿ ಎದ್ದು, ಮಗು ನಿಂತು ಕೈ ಚಾಚಿದರೆ ಏನೇನು ಸಿಗುತ್ತದೆ ಎಂದು ನೋಡುತ್ತ: ಮೇಜಿನ ಅಂಚಿನಿಂದ ಇಳಿಬಿದ್ದ ಬಟ್ಟೆ, ಚಾರ್ಜರಿನ ವೈರು, ಕೆಳಗಿನ ಕಪಾಟಿನಲ್ಲಿ ಇನ್ನೂ ಉಳಿದಿರುವ ಆ ಲಿಕ್ವಿಡ್ ಬಾಟಲಿ.